ಬಿಪಿ ಮೆಷಿನ್‌ನಲ್ಲಿ 100/60, ಆದರೂ ಒಳಗೆ 'ಪ್ರೆಶರ್ ಜಾಸ್ತಿ' ಅಂತಾರೆ. ಇದು ಹೇಗೆ?

ಕರಿಈಶಾಡು_ಅಂಕೋಲಾ
ಸೋಮವಾರ ರಾತ್ರಿ 9.40

ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರಾಗಬೇಡಿ.

ಹೋದ ಗುರುವಾರ ಬೆಳಿಗ್ಗೆ ಮುಖ ತೊಳೆಯಲು ಬಚ್ಚಲಿಗೆ ಹೋದ ಅಪ್ಪ ಒಳಗಿನಿಂದ ಬಾಗಿಲು ಬಡಿಯತೊಡಗಿದರು. ಓಡಿ ಹೋದೆ. ಬಿಳಿ ಬಕೆಟ್ಟಿನಲ್ಲಿ ಕೆಂಪು ನೀರು. ಹಿಂದಿನ ದಿನ ಕುಡಿದ ಮುರುಗಲು ಪಾನಕ ವಾಂತಿ ಆಗಿದೆ ಅಂದುಕೊಂಡೆ. ಬಕೆಟ್ ಓರೆ ಮಾಡಿದಾಗ ತಳದಲ್ಲಿ ಗಡ್ಡೆ ಗಡ್ಡೆ ಕಂಡಿತು. ರಕ್ತ.

ಆಸ್ಪತ್ರೆಗೆ ಒಯ್ದಾಗ ಬಿಪಿ 100/60. ಅನ್ನನಾಳದ ಒಳಗೆ ನಾಳ ಉಬ್ಬಿ ಒಡೆದಿದೆ ಅಂತ ಅದೇ ದಿನ ಎಂಡೋಸ್ಕೋಪಿ ಮಾಡಿ ನಾಲ್ಕು ರಬ್ಬರ್ ಬ್ಯಾಂಡ್ ಹಾಕಿದರು. ಇವತ್ತು ಮನೆಗೆ ಕಳಿಸಿದ್ದಾರೆ. ಚೀಟಿಯಲ್ಲಿ 'ಸಿರೋಸಿಸ್, ಪೋರ್ಟಲ್ ಹೈಪರ್‌ಟೆನ್ಶನ್' ಅಂತಿದೆ. ಲಿವರ್‌ಗೆ ಹೋಗುವ ನಾಳದಲ್ಲಿ ಪ್ರೆಶರ್ ಜಾಸ್ತಿ ಅಂತ ಅರ್ಥವಂತೆ. ಕೈಗೆ ಪಟ್ಟಿ ಕಟ್ಟಿದರೆ ಕಡಿಮೆ, ಒಳಗೆ ಜಾಸ್ತಿ. ನನಗೆ ತಲೆಬುಡ ಅರ್ಥವಾಗಿಲ್ಲ.

ಇನ್ನೊಂದು. ಅಪ್ಪನಿಗೆ 61. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಹೊಟ್ಟೆ ಸ್ವಲ್ಪ ಮುಂದೆ. ಆದರೆ ಹೆಂಡ ಮುಟ್ಟಿದವರಲ್ಲ. ನೋಡಲು ಬಂದ ದೊಡ್ಡಪ್ಪ ವರಾಂಡದಲ್ಲಿ ನಿಂತು, 'ಗುಟ್ಟಾಗಿ ಹಾಕ್ತಿದ್ದನೋ ಏನೋ, ಇಲ್ದಿದ್ರೆ ಲಿವರ್ ಯಾಕೆ ಹಾಳಾಗ್ತದೆ' ಅಂದರು. ಕಿಟಕಿ ತೆರೆದೇ ಇತ್ತು. ಅಪ್ಪನಿಗೆ ಕೇಳಿಸಿದೆ. ಆವತ್ತಿನಿಂದ ಸರಿಯಾಗಿ ಮಾತಾಡುತ್ತಿಲ್ಲ.


ನರ್ಸಕ್ಕ_ಕುಮಟಾ
ಸೋಮವಾರ ರಾತ್ರಿ 10.25

ತಮ್ಮಾ, ಅಪ್ಪ ಮನೆಗೆ ಬಂದರಲ್ಲ, ಅದೇ ದೊಡ್ಡದು. ನಾನು ವಾರ್ಡಿನಲ್ಲಿ ಕೆಲಸ ಮಾಡಿ ನಿವೃತ್ತಿ ಆದವಳು. ನನಗೆ ತಿಳಿದಷ್ಟು ಹೇಳುತ್ತೇನೆ.

ಕೈಗೆ ಕಟ್ಟುವ ಪಟ್ಟಿ ನೋಡುವುದು ಹೃದಯದಿಂದ ಹೊರಗೆ ಹೋಗುವ ರಕ್ತದ ಒತ್ತಡ. ಪೋರ್ಟಲ್ ನಾಳದ ದಾರಿಯೇ ಬೇರೆ. ಜಠರ, ಕರುಳು, ಗುಲ್ಮ, ಮೇದೋಜೀರಕ, ಇಷ್ಟೂ ಕಡೆಯ ರಕ್ತ ಒಟ್ಟಾಗಿ ಲಿವರ್‌ಗೆ ಬರುವುದು ಇದರಲ್ಲಿ. ಲಿವರ್‌ಗೆ ಸಿಗುವ ರಕ್ತದ ಸುಮಾರು ಮುಕ್ಕಾಲು ಪಾಲು ಇದರಿಂದಲೇ. ಇಲ್ಲಿ ಒತ್ತಡ ಮಾಮೂಲಿಗೆ 5ರಿಂದ 10 ಮಿಲಿಮೀಟರ್ ಅಷ್ಟೆ. ಕೈಯಲ್ಲಿ ನೋಡುವ 120ರ ಮುಂದೆ ಏನೂ ಅಲ್ಲ.

ನೀನು ಅಂಕೋಲೆಯವನು, ಹೊಳೆಯಂಚಿನ ಉಪ್ಪುನೀರಿನ ಗಜನಿ ಗದ್ದೆ ಗೊತ್ತಿರುತ್ತದೆ. ಅದರ ಕಟ್ಟೆಯಲ್ಲಿ ನೀರು ಬಿಡುವ ಜಂತ್ರಡಿ ಬಾಗಿಲಿಗೆ ಕಸ ಕಟ್ಟಿಕೊಂಡರೆ ಏನಾಗುತ್ತದೆ? ಒಳಗಿನ ನೀರು ಹೊಳೆಗೆ ಹೋಗಲ್ಲ. ಏರುತ್ತದೆ. ಏರಿ ಏರಿ ಕಟ್ಟೆಯಲ್ಲಿ ಎಲ್ಲಿ ಏಡಿ ತೂತು ಮಾಡಿದೆಯೋ ಅಲ್ಲಿ ಹರಿಯುತ್ತದೆ. ಸಿರೋಸಿಸ್ ಆದ ಲಿವರ್ ಅಂದರೆ ಕಸ ಕಟ್ಟಿದ ಜಂತ್ರಡಿ. ಲಿವರ್ ತುಂಬ ಗಾಯದ ಕಲೆ ಗಟ್ಟಿಯಾಗಿ ರಕ್ತ ಒಳಗೆ ಇಳಿಯಲ್ಲ. ಪೋರ್ಟಲ್ ನಾಳದೊಳಗೆ ಕವಾಟವೂ ಇಲ್ಲ, ಹಾಗಾಗಿ ರಕ್ತ ಬಂದ ದಾರಿಗೇ ತಿರುಗಿ ಅನ್ನನಾಳದ ಬುಡದ, ಜಠರದ ಮೇಲ್ಭಾಗದ ಸಣ್ಣ ನಾಳಗಳಿಗೆ ನುಗ್ಗುತ್ತದೆ. ಅವು ಇಷ್ಟು ಹೊರೆ ಹೊರಲು ಹುಟ್ಟಿದವಲ್ಲ. ಬಳ್ಳಿಯ ಹಾಗೆ ಸುತ್ತಿಕೊಂಡು ಉಬ್ಬುತ್ತವೆ. ಒಂದು ದಿನ ಒಡೆಯುತ್ತವೆ.

ಕೈಯಲ್ಲಿ ಬಿಪಿ ಕಡಿಮೆ ಯಾಕೆ ಅಂದೆಯಲ್ಲ? ಆವತ್ತು ರಕ್ತ ಹೋಗಿತ್ತು, ಅದೊಂದು. ಆದರೆ ಈ ಕಾಯಿಲೆಯವರಿಗೆ ಸುಮ್ನೆ ಕೂತಾಗಲೂ ಬಿಪಿ ಕಡಿಮೆಯೇ ಇರುತ್ತದೆ. ಕರುಳಿನ ನಾಳಗಳೆಲ್ಲ ಸಡಿಲವಾಗಿ ಹಿಗ್ಗಿ, ರಕ್ತ ಅಲ್ಲೇ ಜಾಸ್ತಿ ತುಂಬಿಕೊಳ್ಳುತ್ತದೆ. ಉಳಿದ ಮೈಗೆ ಕಡಿಮೆ ಬೀಳುತ್ತದೆ. ಇಲ್ಲಿ ಜಾಸ್ತಿ ಆದದ್ದರಿಂದಲೇ ಅಲ್ಲಿ ಕಡಿಮೆ.

ಒಳಗಿನದನ್ನು ಅಳೆಯಬೇಕಾದರೆ ಕುತ್ತಿಗೆಯ ನಾಳದಿಂದ ತೆಳು ನಳಿಕೆ ಇಳಿಸಿ ಲಿವರ್‌ನ ಎರಡು ಕಡೆಯ ಒತ್ತಡದ ವ್ಯತ್ಯಾಸ ನೋಡುತ್ತಾರೆ. ಆ ವ್ಯತ್ಯಾಸ 5ರ ತನಕ ಸರಿ. 10 ದಾಟಿದರೆ ತೊಂದರೆಗಳು ಶುರು, 12 ದಾಟಿದರೆ ನಾಳ ಒಡೆಯುವ ಭಯ. ಎಲ್ಲರಿಗೂ ಇದನ್ನು ಮಾಡಲ್ಲ. ಸ್ಕ್ಯಾನ್, ಎಂಡೋಸ್ಕೋಪಿ, ರಕ್ತ ಪರೀಕ್ಷೆ ನೋಡಿಯೇ ಅಂದಾಜು ಸಿಗುತ್ತದೆ.

ನಿನ್ನ ದೊಡ್ಡಪ್ಪನ ಮಾತಿಗೆ ನಾಳೆ ಬರುತ್ತೇನೆ. ಸಿಟ್ಟಲ್ಲಿ ಬರೆದರೆ ತಪ್ಪಾಗುತ್ತದೆ.


ಬೈತಖೋಲ_ಬೋಟು
ಸೋಮವಾರ ರಾತ್ರಿ 11.50

ನಾನು ಕುಡಿದೇ ಹಾಳು ಮಾಡಿಕೊಂಡವನು, ಹೇಳಲು ನಾಚಿಕೆ ಇಲ್ಲ. ಇಪ್ಪತ್ತು ವರ್ಷ ಬೋಟಿನಿಂದ ಇಳಿದರೆ ಕಾಲು ಸೀದಾ ಅಂಗಡಿಗೆ. ಗಡಿ ದಾಟಿದರೆ ಗೋವಾ, ಅಲ್ಲಿ ಅಗ್ಗ. ಅದಕ್ಕೇ ಹೇಳುತ್ತೇನೆ, ನನ್ನಂಥವರನ್ನು ನೋಡಿ ನೋಡಿ ಜನ ಲಿವರ್ ಅಂದ ಕೂಡಲೇ ಬಾಟಲಿ ಅಂತಾರೆ. ನಿಮ್ಮ ಅಪ್ಪ ನನ್ನ ಪಾಪಕ್ಕೆ ಮಾತು ಕೇಳುವುದು ಬೇಡ.

ಬ್ಯಾಂಡ್ ಬಗ್ಗೆ ಹೇಳುತ್ತೇನೆ, ಯಾಕೆಂದರೆ ನನಗೆ ಯಾರೂ ಹೇಳಿರಲಿಲ್ಲ. ಬಲೂನಿನ ಬಾಯಿಗೆ ದಾರ ಬಿಗಿದ ಹಾಗೆ ಉಬ್ಬಿದ ನಾಳಕ್ಕೆ ರಬ್ಬರ್ ಉಂಗುರ ಬಿಗಿಯುತ್ತಾರೆ. ಅದು ಒಣಗಿ ಕೆಲವು ದಿನದಲ್ಲಿ ಉದುರುತ್ತದೆ. ಅಲ್ಲಿ ಸಣ್ಣ ಹುಣ್ಣು ಉಳಿಯುತ್ತದೆ. ಆ ದಿನಗಳಲ್ಲಿ ಮೆತ್ತಗಿನ ಊಟವೇ ಮಾಡಬೇಕು. ನಾನು ಮೂರನೇ ದಿನಕ್ಕೇ ಕರಿದ ಬಂಗುಡೆ ತಿಂದು ಎದೆ ಹಿಡಿದುಕೊಂಡು ಕೂತಿದ್ದೆ. ಹೆಂಡತಿ ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ.

ಒಂದು ಸಲಕ್ಕೆ ಮುಗಿಯಲ್ಲ ಇದು. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಹೋಗಬೇಕು, ಉಬ್ಬು ಪೂರ್ತಿ ಹೋಗುವ ತನಕ. ನನ್ನ ಮೂರನೇ ಸರದಿ 2024ರ ಜುಲೈನಲ್ಲಿತ್ತು. ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್. ದಕ್ಷಿಣಕ್ಕೆ ಹೋಗುವ ದಾರಿಯೇ ಇಲ್ಲ. ಫೋನ್ ಮಾಡಿ ಕೇಳಿ, ಗೋವಾ ಕಡೆ ಹೋಗಿ ಹಾಕಿಸಿಕೊಂಡು ಬಂದೆ. ಮಳೆಗಾಲದಲ್ಲಿ ಎರಡು ದಾರಿ ಯೋಚಿಸಿಟ್ಟುಕೊಳ್ಳಿ.

ಮಾತ್ರೆ ಏನು ಕೊಟ್ಟಿದ್ದಾರೆ? ಪ್ರೊಪ್ರನೊಲಾಲ್ ಅಥವಾ ಕಾರ್ವೆಡಿಲಾಲ್ ಇರಬೇಕು.


ಕರಿಈಶಾಡು_ಅಂಕೋಲಾ
ಮಂಗಳವಾರ ಬೆಳಿಗ್ಗೆ 7.15

ಕಾರ್ವೆಡಿಲಾಲ್ ಇದೆ ಅಣ್ಣ. ಬಿಪಿ ಕಡಿಮೆ ಇರುವವರಿಗೆ ಬಿಪಿ ಮಾತ್ರೆ ಯಾಕೆ ಕೊಟ್ಟರು ಅಂತ ಅಮ್ಮ ಹೆದರಿದ್ದಾರೆ. ನಿನ್ನೆ ರಾತ್ರಿ ಕೊಡಲೇ ಇಲ್ಲ!


ನರ್ಸಕ್ಕ_ಕುಮಟಾ
ಮಂಗಳವಾರ ಬೆಳಿಗ್ಗೆ 7.32

ಈಗಲೇ ಆಸ್ಪತ್ರೆಗೆ ಫೋನ್ ಮಾಡಿ, ತಪ್ಪಿದ ಮಾತ್ರೆಗೆ ಏನು ಮಾಡಬೇಕು ಅಂತ ಕೇಳು. ಇನ್ನು ತಪ್ಪಿಸಬೇಡಿ. ಇದು ಹೃದಯಕ್ಕೆ ಅಂತ ಬಂದ ಗುಂಪಿನ ಔಷಧಿಯೇ, ಆದರೆ ಕರುಳಿನ ಕಡೆ ನುಗ್ಗುವ ರಕ್ತವನ್ನೂ ತಗ್ಗಿಸುತ್ತದೆ. ಜಂತ್ರಡಿ ರಿಪೇರಿ ಆಗದಿದ್ದರೂ ಒಳಗೆ ಬರುವ ನೀರು ಕಡಿಮೆ ಆದ ಹಾಗೆ. ಈ ಗುಂಪಿನ ಮಾತ್ರೆಯಿಂದ ಮತ್ತೆ ರಕ್ತ ಬರುವುದು ಕಡಿಮೆ ಆಗುತ್ತದೆ ಅಂತ 1981ರಲ್ಲೇ ಫ್ರಾನ್ಸಿನ ವೈದ್ಯರು ತೋರಿಸಿದ್ದಾರೆ.

ದಿನಾ ನಾಡಿ ಎಣಿಸಿ ಬರೆದಿಡಿ. ನಿಮಿಷಕ್ಕೆ 50ಕ್ಕಿಂತ ಇಳಿದರೆ, ಮೇಲಿನ ಬಿಪಿ 90ಕ್ಕಿಂತ ಇಳಿದರೆ, ತಲೆ ತಿರುಗಿದರೆ ಡಾಕ್ಟರಿಗೆ ಹೇಳಬೇಕು. ಅಸ್ತಮಾ ಇದ್ದರೆ ಅದನ್ನೂ ಹೇಳಿ. ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ.


ಎಲ್ಲಾ_ಗೊತ್ತು_ಭಟ್ಕಳ
ಮಂಗಳವಾರ ಬೆಳಿಗ್ಗೆ 8.05

ಇಂಗ್ಲಿಷ್ ಮಾತ್ರೆ ಬಿಡಿ. ಅಮೃತಬಳ್ಳಿ ಕಷಾಯ ಬೆಳಿಗ್ಗೆ ಬರಿಹೊಟ್ಟೆಗೆ 48 ದಿನ. ಲಿವರ್ ಹೊಸದಾಗುತ್ತದೆ.


ನರ್ಸಕ್ಕ_ಕುಮಟಾ
ಮಂಗಳವಾರ ಬೆಳಿಗ್ಗೆ 8.20

ದಯವಿಟ್ಟು ಬೇಡ. ಕೋವಿಡ್ ಹೊತ್ತಿನಲ್ಲಿ ಅಮೃತಬಳ್ಳಿ ಕುಡಿದು ಲಿವರ್‌ಗೆ ಪೆಟ್ಟಾದವರ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ ವರದಿ ಬರೆದಿದ್ದಾರೆ. ಅವರಲ್ಲಿ ಮೊದಲೇ ಲಿವರ್ ಕಾಯಿಲೆ ಇದ್ದವರೂ ಇದ್ದರು. ನಮ್ಮ ಹಿತ್ತಲಿನ ಬಳ್ಳಿ ಮೇಲೆ ನನಗೆ ದ್ವೇಷ ಇಲ್ಲ. ಆದರೆ ರಕ್ತ ವಾಂತಿ ಮಾಡಿ ಐದು ದಿನ ಆದವರ ಮೇಲೆ ಪ್ರಯೋಗ ಮಾಡುವುದು ಬೇಡ.


ಶಿರಸಿ_ಜಡಿಮಳೆ
ಮಂಗಳವಾರ ಮಧ್ಯಾಹ್ನ 2.10

ನಮ್ಮ ಆಯಿಯ ಕತೆ ಹೇಳಲೇಬೇಕು. ಕುಡಿತ ಬಿಡಿ, ಹೊರಗಿನ ಚಹಾ ಸಹ ಕುಡಿಯದವಳು.

ಆಯಿಗೆ 1984ರಲ್ಲಿ ನನ್ನ ತಮ್ಮ ಹುಟ್ಟುವಾಗ ರಕ್ತ ಕೊಟ್ಟಿದ್ದರು. ಮೂವತ್ತೈದು ವರ್ಷ ಕಳೆದ ಮೇಲೆ ಕಾಲು ಬಾತು, ಹೊಟ್ಟೆ ಉಬ್ಬಿ, ಪರೀಕ್ಷೆ ಮಾಡಿಸಿದರೆ ಹೆಪಟೈಟಿಸ್ ಸಿ. ಆ ಕಾಲದಲ್ಲಿ ಪರೀಕ್ಷೆ ಮಾಡಲು ವೈರಸ್ಸೇ ಗೊತ್ತಿರಲಿಲ್ಲ, ಗುರುತಿಸಿದ್ದು 1989ರಲ್ಲಿ. ಯಾರನ್ನು ದೂರುವುದು? ಹನ್ನೆರಡು ವಾರ ಮಾತ್ರೆ ತಿಂದು ವೈರಸ್ ಪೂರ್ತಿ ಹೋಯಿತು. ನಾವು ಪಾಯಸ ಮಾಡಿದೆವು. ಆದರೆ ಲಿವರ್‌ನಲ್ಲಿ ಅಷ್ಟರಲ್ಲೇ ಕೂತಿದ್ದ ಕಲೆ ವೈರಸ್ಸಿನ ಜೊತೆ ಎದ್ದು ಹೋಗಲಿಲ್ಲ, ಪ್ರೆಶರ್ರೂ ಹೋಗಲಿಲ್ಲ.

ಮೊದಲ ಜಗಳ ಉಪ್ಪಿನದು. ಹೊಟ್ಟೆಯಲ್ಲಿ ನೀರು ತುಂಬುವವರಿಗೆ ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು, ಅಂದರೆ ಒಂದು ಚಹಾ ಚಮಚ. ಅಡುಗೆಗೆ ಹಾಕಿದ್ದೂ ಸೇರಿ. ನಮ್ಮ ಮನೆಯಲ್ಲಿ ಅಪ್ಪೆಮಿಡಿ ಭರಣಿಯೇ ಮೂರು. ಹಲಸಿನ ಹಪ್ಪಳ, ಸಂಡಿಗೆ, ಉಪ್ಪಿನಲ್ಲಿ ಹಾಕಿದ ಸೊಳೆ. 'ಒಂದೇ ಒಂದು ಮಿಡಿ' ಅಂತ ಆಯಿ ಮಗುವಿನ ಹಾಗೆ ಕೇಳುತ್ತಿದ್ದಳು. ಸಾಣಿಕಟ್ಟಾದ ಕಲ್ಲುಪ್ಪು ಆದರೆ ತೊಂದರೆ ಇಲ್ಲ ಅಂತ ಯಾರೋ ತಲೆಗೆ ತುಂಬಿದ್ದರು. ಉಪ್ಪು ಉಪ್ಪೇ. ಕಂದು ಇರಲಿ, ಬಿಳಿ ಇರಲಿ, ಸೋಡಿಯಂ ಒಂದೇ. ಸೋಡಿಯಂ ಕಡಿಮೆ ಅಂತ ಅಂಗಡಿಯಲ್ಲಿ ಸಿಗುವ ಉಪ್ಪಿನಲ್ಲಿ ಪೊಟ್ಯಾಶಿಯಂ ಇರುತ್ತದೆ. ನೀರು ಇಳಿಸಲು ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ತಿನ್ನುವವರಿಗೆ ಅದು ಇನ್ನೂ ಅಪಾಯ. ಈಗ ತಂಬುಳಿಗೆ ಉಪ್ಪು ಬಿಟ್ಟು ಜೀರಿಗೆ, ಸೂಜಿಮೆಣಸು, ನಿಂಬೆ ಸ್ವಲ್ಪ ಮುಂದೆ ಹಾಕುತ್ತೇವೆ. ನಾಲಿಗೆ ಒಗ್ಗಲು ತಿಂಗಳು ಹಿಡಿಯಿತು.

ಎರಡನೆಯದು ನಮಗೆ ಗೊತ್ತೇ ಆಗಲಿಲ್ಲ. ಒಂದು ರಾತ್ರಿ ಮೂರು ಗಂಟೆಗೆ ಕೊಟ್ಟಿಗೆಯಲ್ಲಿ ಲೈಟ್. ಹೋಗಿ ನೋಡಿದರೆ ಆಯಿ ತಂಬಿಗೆ ಹಿಡಿದು ನಿಂತಿದ್ದಾಳೆ, 'ಗೌರೀ, ಗೌರೀ' ಅಂತ ಕರೆಯುತ್ತಿದ್ದಾಳೆ. ಗೌರಿ ಸತ್ತು ಹತ್ತು ವರ್ಷ ಆಗಿತ್ತು. ಅರಳುಮರಳು ಅಂದರು ಅಕ್ಕಪಕ್ಕದವರು. ದೇವರು ನೋಡಿಸಿ ಅಂದವರೂ ಇದ್ದರು.

ಆಮೇಲೆ ಹಿಂದಿನದೆಲ್ಲ ನೆನಪಾಯಿತು. ಎರಡು ವಾರದಿಂದ ಹಗಲೆಲ್ಲ ನಿದ್ದೆ, ರಾತ್ರಿ ಎಚ್ಚರ. ಹಾಲಿನ ಲೆಕ್ಕದ ಪುಸ್ತಕ ತೆಗೆದು ನೋಡಿದೆ. ತಿಂಗಳ ಮೊದಲ ವಾರ ಅಕ್ಷರ ಮುತ್ತಿನ ಹಾಗೆ. ಮೂರನೇ ವಾರ ಸಾಲು ಬಿಟ್ಟು ಕೆಳಗೆ ಜಾರಿದೆ. ಕೊನೆಯ ದಿನ 2 ಅನ್ನುವ ಅಂಕಿಯೇ ಪೂರ್ತಿ ಆಗಿಲ್ಲ. ಕೈ ಚಾಚಿ ಹಿಡಿ ಅಂದರೆ ಬೆರಳು ಪಟಪಟ ಬಡಿಯುತ್ತಿತ್ತು.

ಕರುಳಿನಲ್ಲಿ ಹುಟ್ಟುವ ಅಮೋನಿಯಾ ಮುಂತಾದ ವಿಷವನ್ನು ಲಿವರ್ ಸೋಸಬೇಕು. ರಕ್ತ ಲಿವರ್ ತಪ್ಪಿಸಿ ಅಡ್ಡದಾರಿ ಹಿಡಿದರೆ ಆ ವಿಷ ಸೀದಾ ಮಿದುಳಿಗೆ. ಆಯಿಗೆ ಅದನ್ನು ಎಬ್ಬಿಸಿದ್ದು ನಾಲ್ಕು ದಿನದ ಮಲಬದ್ಧತೆ, ಅಷ್ಟೆ! ಮದುವೆ ಮನೆಗೆ ಹೋಗಿದ್ದೆವು, ಸಂಕೋಚ. ಈಗ ಲ್ಯಾಕ್ಟುಲೋಸ್ ಪಾನಕ ಇದೆ. ದಿನಕ್ಕೆ ಎರಡು ಮೂರು ಸಲ ಹೊರಗೆ ಹೋಗಬೇಕು, ಅದೇ ಲೆಕ್ಕ. ನಮ್ಮ ಮನೆಯಲ್ಲಿ ಈಗ ಬೆಳಗಿನ ಮೊದಲ ಪ್ರಶ್ನೆ 'ಆಯಿ, ಆಯ್ತಾ?'


ಕರಿಈಶಾಡು_ಅಂಕೋಲಾ
ಮಂಗಳವಾರ ಮಧ್ಯಾಹ್ನ 2.45

ಅಕ್ಕಾ, ಹಾಗಾದರೆ ಬೇಳೆ, ಮೊಟ್ಟೆ, ಮೀನು ಎಲ್ಲ ಬಂದ್ ಮಾಡಬೇಕಾ? ಪ್ರೋಟೀನ್‌ನಿಂದಲೇ ಅಮೋನಿಯಾ ಅಂತ ಎಲ್ಲೋ ಓದಿದೆ.


ಶಿರಸಿ_ಜಡಿಮಳೆ
ಮಂಗಳವಾರ ಮಧ್ಯಾಹ್ನ 3.00

ಬೇಡ ಬೇಡ. ನಾವೂ ಹಾಗೆ ಮಾಡಿ ಆಯಿಯ ತೋಳು ಕಡ್ಡಿ ಆಯಿತು, ಆಮೇಲೆ ಡಾಕ್ಟರು ಬೈದರು. ಅದು ಹಳೆಯ ಕಾಲದ ಪಥ್ಯ. ಮೈತೂಕದ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು ಅಂತಾರೆ ಈಗ. ರಾತ್ರಿ ಮಲಗುವ ಮುಂಚೆಯೂ ಏನಾದರೂ ತಿನ್ನಬೇಕು. ಖಾಲಿ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ಇದ್ದರೆ ಮೈ ತನ್ನ ಮಾಂಸವನ್ನೇ ಕರಗಿಸಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ ಇರುವುದರಿಂದ ಏನು ಕೊಡಬೇಕು ಅಂತ ಕೇಳಿಕೊಳ್ಳಿ.


ಬೈತಖೋಲ_ಬೋಟು
ಮಂಗಳವಾರ ಸಂಜೆ 5.30

ಮೀನು ತಿನ್ನಿ, ಬಂದ್ ಯಾಕೆ? ಒಣಮೀನು ಮಾತ್ರ ಬೇಡ. ನೀರಲ್ಲಿ ನೆನೆಸಿ ಹಿಂಡಿದರೂ ಉಪ್ಪು ಪೂರ್ತಿ ಬಿಡಲ್ಲ.

ನಮ್ಮ ಕರಾವಳಿಯವರಿಗೇ ಹೇಳಬೇಕಾದ ಇನ್ನೊಂದು ಮಾತಿದೆ. ಬಳಚು, ಚಿಪ್ಪಿ ಯಾವುದನ್ನೂ ಅರೆಬೆಂದದ್ದು ತಿನ್ನಬಾರದು. ಉಪ್ಪುನೀರಿನಲ್ಲಿ ವಿಬ್ರಿಯೋ ಅನ್ನುವ ಕ್ರಿಮಿ ಇರುತ್ತದೆ. ಲಿವರ್ ಚೆನ್ನಾಗಿರುವವರಿಗೆ ಬರೀ ಹೊಟ್ಟೆ ಕೆಡಿಸಿ ಬಿಡಬಹುದು, ಸಿರೋಸಿಸ್ ಇದ್ದವರ ರಕ್ತಕ್ಕೆ ಇಳಿದರೆ ಜೀವಕ್ಕೇ ಕುತ್ತು. ಕಾಲಲ್ಲಿ ಗಾಯ ಇಟ್ಟುಕೊಂಡು ಅಳಿವೆಗೆ ಇಳಿಯುವುದೂ ಬೇಡ. ನನಗೆ ಇದನ್ನು ಹೇಳಿದ ಡಾಕ್ಟರಿಗೆ ನಾನು 'ಸಾರ್, ನಾನು ಮೀನುಗಾರ' ಅಂದೆ. 'ಹಾಗಾದರೆ ಬೂಟು ಹಾಕು' ಅಂದರು.


ಹೊನ್ನಾವರದ_ಅಮ್ಮ
ಮಂಗಳವಾರ ರಾತ್ರಿ 9.15

ಇದು ವಯಸ್ಸಾದವರಿಗೆ ಮಾತ್ರ ಅಂದುಕೊಳ್ಳಬೇಡಿ. ನನ್ನ ಮಗ ಆರು ವರ್ಷಕ್ಕೆ ರಕ್ತ ವಾಂತಿ ಮಾಡಿದ. ಅವನ ಲಿವರ್ ಚೆನ್ನಾಗಿಯೇ ಇದೆ. ಲಿವರ್‌ಗೆ ಬರುವ ಮುಂಚೆಯೇ ಪೋರ್ಟಲ್ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗಿದೆ. ನಮ್ಮ ದೇಶದ ಮಕ್ಕಳಲ್ಲಿ ಪೋರ್ಟಲ್ ಪ್ರೆಶರ್‌ಗೆ ದೊಡ್ಡ ಕಾರಣವೇ ಇದು. ಕೆಲವರಲ್ಲಿ ಹುಟ್ಟಿದ ಹೊಸತರಲ್ಲಿ ಹೊಕ್ಕುಳಿಗೆ ಸೋಂಕಾಗಿ ಶುರುವಾಗುತ್ತದೆ, ಎಷ್ಟೋ ಮಕ್ಕಳಲ್ಲಿ ಕಾರಣವೇ ಸಿಗಲ್ಲ.

ಅವನ ಹೊಟ್ಟೆಯ ಎಡಕ್ಕೆ ಗಟ್ಟಿ ಏನೋ ಕೈಗೆ ಸಿಗುತ್ತಿತ್ತು. ಜಂತುಹುಳ ಅಂತ ಔಷಧಿ ಕೊಟ್ಟೆವು. ಅದು ಊದಿದ ಗುಲ್ಮ. ಶಾಲೆಯಲ್ಲಿ ಕಬಡ್ಡಿ ಬಿಡಿಸಿದ್ದೇವೆ, ಹೊಟ್ಟೆಗೆ ಪೆಟ್ಟು ಬಿದ್ದರೆ ಗುಲ್ಮ ಒಡೆಯುವ ಭಯ. ರಕ್ತವನ್ನು ಬೇರೆ ನಾಳಕ್ಕೆ ಜೋಡಿಸುವ ಆಪರೇಷನ್ ಬಗ್ಗೆ ಮಾತು ನಡೆದಿದೆ. ಅವನಿಗೆ ಇದ್ಯಾವುದೂ ಬೇಡ, ಕಬಡ್ಡಿ ಒಂದೇ ಬೇಕು.


ನರ್ಸಕ್ಕ_ಕುಮಟಾ
ಮಂಗಳವಾರ ರಾತ್ರಿ 10.00

ಪಾಪ ಮಗು. ಹೌದಮ್ಮ, ಅಡಚಣೆ ಮೂರು ಕಡೆ ಆಗಬಹುದು. ನಿಮ್ಮ ಮಗನದು ಲಿವರ್‌ಗೆ ಮುಂಚೆ. ಸಿರೋಸಿಸ್ ಲಿವರ್ ಒಳಗೆ. ಲಿವರ್ ದಾಟಿದ ಮೇಲೆ, ಹೃದಯದ ಕಡೆ ಹೋಗುವ ನಾಳ ಹೆಪ್ಪುಗಟ್ಟಿದರೂ, ಹೃದಯದ ಬಲಭಾಗ ಸೋತರೂ ರಕ್ತ ಹಿಂದಕ್ಕೆ ತುಂಬುತ್ತದೆ.

ಈಗ ದೊಡ್ಡಪ್ಪನ ವಿಷಯ. ಲಿವರ್ ಒಳಗಿನ ಕಾರಣಗಳಲ್ಲಿ ಕುಡಿತ ಒಂದು, ಒಂದೇ ಅಲ್ಲ. ಹೆಪಟೈಟಿಸ್ ಬಿ, ಸಿ ಇವೆ. ಮೈಯ ರಕ್ಷಣಾ ವ್ಯವಸ್ಥೆಯೇ ಲಿವರ್ ಮೇಲೆ ತಿರುಗಿ ಬೀಳುವುದಿದೆ. ಈಗ ಜಾಸ್ತಿ ಆಗುತ್ತಿರುವುದು ಸಕ್ಕರೆ ಕಾಯಿಲೆ, ಬೊಜ್ಜಿನ ಜೊತೆ ಬರುವ ಕೊಬ್ಬಿನ ಲಿವರ್. 'ಫ್ಯಾಟಿ ಲಿವರ್ ಗ್ರೇಡ್ ಒನ್, ಎಲ್ಲರಿಗೂ ಇರ್ತದೆ' ಅಂತ ಸ್ಕ್ಯಾನ್ ರಿಪೋರ್ಟ್ ಬೀರುವಿನಲ್ಲಿ ಇಟ್ಟವರೇ ಜಾಸ್ತಿ. ಎಲ್ಲರಿಗೂ ಮುಂದೆ ಹೋಗಲ್ಲ, ನಿಜ. ಕೆಲವರಿಗೆ ಹೋಗುತ್ತದೆ, ನೋವಿಲ್ಲದೆ ಹೋಗುತ್ತದೆ. ಅಪ್ಪನ ಹೆಪಟೈಟಿಸ್ ಪರೀಕ್ಷೆ ಆಗಿದೆಯಾ ನೋಡು. ಬಿ ಇದ್ದರೆ ಮನೆಯವರೆಲ್ಲ ಮಾಡಿಸಬೇಕು, ಅದಕ್ಕೆ ಲಸಿಕೆ ಇದೆ.

ಮೈಕೈ ನೋವು ಅಂತ ಬ್ರೂಫೆನ್, ಡೈಕ್ಲೋಫೆನಾಕ್ ಕೊಡಬೇಡಿ. ಕಿಡ್ನಿಗೆ ಹೊಡೆತ, ರಕ್ತ ಬರುವ ಭಯವೂ ಜಾಸ್ತಿ. ಹೊಟ್ಟೆಯಲ್ಲಿ ನೀರು ಇದ್ದು ಜ್ವರ ಅಥವಾ ಹೊಟ್ಟೆನೋವು ಬಂದರೆ ಆ ನೀರಿಗೆ ಸೋಂಕು ಆಗಿರಬಹುದು, ಅದೇ ದಿನ ತೋರಿಸಿ. ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ ಹೋದರೆ ಅದೂ ರಕ್ತವೇ. ವಾಂತಿಗೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ನೀರೂ ಹಾಕಬೇಡಿ. ಹಳೆಯ ಎಂಡೋಸ್ಕೋಪಿ ರಿಪೋರ್ಟ್ ಕೈಯಲ್ಲಿರಲಿ. ಎಂಡೋಸ್ಕೋಪಿ 12 ಗಂಟೆಯೊಳಗೆ ಆಗಬೇಕು ಅಂತಾರೆ. ನಮ್ಮ ಜಿಲ್ಲೆಯಲ್ಲಿ ದಾರಿಯಲ್ಲೇ ಎಷ್ಟು ಗಂಟೆ ಹೋಗುತ್ತದೆ ಅಂತ ಬೇರೆ ಹೇಳಬೇಕಾ? ರಾತ್ರಿ ಹೊತ್ತು ಎಂಡೋಸ್ಕೋಪಿ ಮಾಡುವುದು ಎಲ್ಲಿ ಅಂತ ಈಗಲೇ ಫೋನ್ ಮಾಡಿ ಕೇಳಿಟ್ಟುಕೋ.


ಲ್ಯಾಬ್_ಹುಡುಗ_ಕಾರವಾರ
ಬುಧವಾರ ಬೆಳಿಗ್ಗೆ 6.50

ಒಂದು ಸಣ್ಣ ಕೆಲಸ ಹೇಳಲಾ? ಅಪ್ಪನ ಹಳೆಯ ರಕ್ತ ಪರೀಕ್ಷೆಗಳನ್ನು ಹುಡುಕಿ. ಪ್ಲೇಟ್‌ಲೆಟ್ ಸಾಲು ಮಾತ್ರ ನೋಡಿ. ಒತ್ತಡ ಏರಿದಾಗ ಗುಲ್ಮ ಊದಿಕೊಂಡು ಪ್ಲೇಟ್‌ಲೆಟ್‌ಗಳನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಒಂದೂವರೆ ಲಕ್ಷಕ್ಕಿಂತ ಕಡಿಮೆ ಇದ್ದು ವರ್ಷ ವರ್ಷ ಇಳಿಯುತ್ತಿದ್ದರೆ ಅದು ಸುಮ್ನೆ ಇಳಿದದ್ದಲ್ಲ. ನಮ್ಮಲ್ಲಿ ಜನ ಡೆಂಗಿ ಬಂದಾಗ ಮಾತ್ರ ಆ ಸಾಲು ನೋಡುತ್ತಾರೆ.


ಕರಿಈಶಾಡು_ಅಂಕೋಲಾ
ಗುರುವಾರ ರಾತ್ರಿ 10.30

ಹುಡುಕಿದೆ. ಅಪ್ಪ ಎಲ್ಲವನ್ನೂ ಹಳೆಯ ಸೀರೆ ಅಂಗಡಿಯ ಕವರ್‌ನಲ್ಲಿ ಇಟ್ಟಿದ್ದರು. ಐದು ವರ್ಷದ ಹಿಂದೆ 1,42,000. ಮೂರು ವರ್ಷದ ಹಿಂದೆ 1,10,000. ಹೋದ ವರ್ಷ 86,000. ಮೂರರಲ್ಲೂ ಅಂಕಿಯ ಪಕ್ಕ ಕೆಳಮುಖದ ಸಣ್ಣ ಬಾಣದ ಗುರುತು ಇದೆ. ಮೂರರಲ್ಲೂ ಸಕ್ಕರೆಯ ಸಾಲಿನ ಕೆಳಗೆ ನನ್ನದೇ ಪೆನ್ನಿನಲ್ಲಿ ಗೆರೆ. ಬಾಣ ನಾನು ನೋಡಲೇ ಇಲ್ಲ.

ಹೆಪಟೈಟಿಸ್ ಬಿ, ಸಿ ಎರಡೂ ಇಲ್ಲ ಅಂತ ಚೀಟಿಯಲ್ಲೇ ಇದೆ. ಕೊಬ್ಬಿನ ಲಿವರ್‌ನಿಂದಲೇ ಅಂತ ಡಾಕ್ಟರು ಇವತ್ತು ಫೋನಿನಲ್ಲಿ ಹೇಳಿದರು. ಸ್ಪೀಕರ್ ಹಾಕಿಟ್ಟಿದ್ದೆ. ಅಪ್ಪ ಪೂರ್ತಿ ಕೇಳಿಸಿಕೊಂಡು, 'ಅಣ್ಣನಿಗೂ ಸಕ್ಕರೆ ಇದೆ, ಹೊಟ್ಟೆ ನನ್ನದಕ್ಕಿಂತ ದೊಡ್ಡದು. ಒಂದು ಸ್ಕ್ಯಾನ್ ಮಾಡಿಸಿಕೊಳ್ಳಲು ಹೇಳು' ಅಂದರು. ಆಮೇಲೆ ಗಂಜಿಗೆ ಉಪ್ಪು ಯಾಕಿಲ್ಲ ಅಂತ ಅಮ್ಮನ ಹತ್ತಿರ ಜಗಳ ತೆಗೆದರು.

ಮುಂದಿನ ಬ್ಯಾಂಡ್ ಇನ್ನು ಎರಡು ವಾರಕ್ಕೆ. ಬೈತಖೋಲದ ಅಣ್ಣ, ಅಷ್ಟರಲ್ಲಿ ಮೆತ್ತಗಿನ ಊಟಕ್ಕೆ ಯಾವ ಮೀನು ಆಗಬಹುದು?


ಬೈತಖೋಲ_ಬೋಟು
ಗುರುವಾರ ರಾತ್ರಿ 10.41

ನೊಗಲಿ. ಮಾಂಸ ಮೆತ್ತಗೆ, ಮುಳ್ಳು ಮಾತ್ರ ಪೂರ್ತಿ ಬಿಡಿಸಿ ಕೊಡಿ. ಹುರಿಯಬೇಡಿ, ತೆಳು ಸಾರಲ್ಲಿ ಬೇಯಿಸಿ. ಮುರುಗಲು ಹಾಕಬಹುದು, ಬಕೆಟ್ ನೆನಪಾಗದಿದ್ದರೆ.